ವಿತ್ತೋ, ವಿತೌಟೋ?

ದರ್ಶಿನಿಯಲ್ಲಿ ಕಾಫಿಗೆ ಬಿಲ್ ಹಾಕುವವನು ‘ವಿತ್ತೋ, ವಿತೌಟೋ’ ಎಂದು ಕೇಳಿದರೆ ಅದು ಸಕ್ಕರೆಯ ವಿಚಾರವೆಂದು ಬೆಂಗಳೂರಿನ ಮಕ್ಕಳಿಗೂ ಗೊತ್ತು. ಅದೇ ಪ್ರಶ್ನೆಯನ್ನು ಮೊನ್ನೆ ಬೆಳಿಗ್ಗೆ ಏಳೂವರೆಗೆ ನಗರದ ಖಾಸಗಿ ಆಸ್ಪತ್ರೆಯೊಂದರ ಬಿಲ್ಲಿಂಗ್ ಕೌಂಟರಿನಲ್ಲಿ, ಕಂಪ್ಯೂಟರಿನಿಂದ ಕಣ್ಣೆತ್ತದ ಯುವಕನೊಬ್ಬ ನಮ್ಮ ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಕೇಳಿದ. ಹಿಂದಿನ ಸಂಜೆ ಎರಡು ಲೀಟರ್ ನೀರಿಗೆ ಕದಡಿದ ಭೇದಿ ಪುಡಿಯನ್ನು ಲೋಟ ಲೋಟವಾಗಿ ಕುಡಿದು, ರಾತ್ರಿಯ ಬಹುಪಾಲನ್ನು ಕಕ್ಕಸಿನಲ್ಲೇ ಕಳೆದು ಬಂದಿದ್ದ ಮೇಷ್ಟ್ರು, ಪಾಪ, ಕೊನೆಗೂ ಕಾಫಿ ಸಿಗುತ್ತಿದೆಯೆಂದೇ ತಿಳಿದು ‘ವಿತೌಟ್’ ಎಂದುಬಿಟ್ಟರು. ಅವರಿಗೆ ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ.

ಹೀಗೆ, ಕೊಲೊನೋಸ್ಕೋಪಿ ಎಂಬ ಪರೀಕ್ಷೆಯಲ್ಲಿ ಒಂದೂವರೆ ಮೀಟರಿಗೂ ಹೆಚ್ಚು ಉದ್ದದ, ಕಿರುಬೆರಳಿನಷ್ಟು ದಪ್ಪದ ಕೊಳವೆಯೊಂದು ತಮ್ಮ ದೊಡ್ಡ ಕರುಳಿನ ತಿರುವುಗಳನ್ನೆಲ್ಲ ಸುತ್ತಿ ಬರುವಾಗ ತಾವು ಮಂಪರಿನಲ್ಲಿರಬೇಕೋ ಎಚ್ಚರವಾಗಿರಬೇಕೋ ಎಂಬ ಮಹತ್ತರ ತೀರ್ಮಾನವನ್ನು ಮೇಷ್ಟ್ರು ಕೇವಲ ಮಧುಮೇಹದ ಆಧಾರದ ಮೇಲೆ ಕೈಗೊಂಡಿದ್ದರು. ನಾನು ಮಧ್ಯೆ ಬಾಯಿ ಹಾಕಿ, ‘ಸೆಡೇಶನ್ ಬಗ್ಗೆ ಕೇಳ್ತಿದ್ದಾರೆ ಸಾರ್’ ಎಂದೆ. ಹಾಗಿದ್ದರೆ ಅದನ್ನು ಡಾಕ್ಟರ ಹತ್ತಿರ ಮಾತಾಡಬೇಕಲ್ಲವೇ ಎಂದು ಮೇಷ್ಟ್ರು ಸಹಜವಾಗಿಯೇ ಕೇಳಿದರು. ಡಾಕ್ಟರನ್ನು ಕೇಳುವ ಅಗತ್ಯವಿಲ್ಲವೆಂದೂ, ಇಲ್ಲಿ ಹೇಳಿದರೆ ಸಾಕೆಂದೂ, ವಿತ್ ಆದರೆ ಚಾರ್ಜು ಬೇರೆಯೆಂದೂ ಯುವಕ ಸಮಾಧಾನಪಡಿಸಿದ. ರೋಗಿಗೆ ಎಷ್ಟು ನೋವಾಗಬೇಕೆಂಬುದನ್ನು ವೈದ್ಯಶಾಸ್ತ್ರ ತನ್ನ ಕೈಯಿಂದ ಬಿಟ್ಟು, ಕ್ಯಾಷಿಯರಿಗೆ ವಹಿಸಿಕೊಟ್ಟು ನಿರಾಳವಾಗಿರುವುದನ್ನು ನಾನು ಕಂಡದ್ದು ಅದೇ ಮೊದಲು.

ಎರಡನೆಯ ಪ್ರಶ್ನೆ, ‘ಪೇಷೆಂಟ್ ಕಡೆಯವರು ಯಾರು?’ ಎಂಬುದು. ಮಂಪರು ಕೊಟ್ಟವರನ್ನು ಒಂಟಿಯಾಗಿ ಮನೆಗೆ ಕಳಿಸಬಾರದೆಂಬ ನಿಯಮ ಸರಿಯಾದದ್ದೇ. ಔಷಧದ ಗುಂಗು ಇಳಿಯಲು ಹೊತ್ತು ಬೇಕು. ಆದರೆ ಅದರ ಫಲಿತಾರ್ಥವನ್ನು ಸ್ವಲ್ಪ ಯೋಚಿಸಿ ನೋಡಿ. ಮಕ್ಕಳು ಊರಲ್ಲಿದ್ದವರಿಗೆ ನಿದ್ದೆ, ಮಕ್ಕಳು ಅಮೆರಿಕದಲ್ಲಿದ್ದವರಿಗೆ ನೋವು! ಮೇಷ್ಟ್ರ ಮಗ ನ್ಯೂಜೆರ್ಸಿಯಲ್ಲಿದ್ದಾನೆ. ಅಲ್ಲಿ ಕರುಳಿನ ಕ್ಯಾನ್ಸರ್ ಪತ್ತೆಗೆಂದು ಮಾಡುವ ಈ ತಪಾಸಣೆಯನ್ನು ಆರಂಭಿಸುವ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿದ್ದರಿಂದ ಅವನೂ ಮಾಡಿಸಿಕೊಂಡಿದ್ದ. ಹಾಲಿನಂತೆ ಬೆಳ್ಳಗಿರುವ ಪ್ರೊಪೊಫಾಲ್ ಎಂಬ ಮಂಪರಿನ ಔಷಧ ರಕ್ತನಾಳಕ್ಕೆ ಇಳಿದದ್ದೊಂದು ಗೊತ್ತು, ಎಚ್ಚರವಾದದ್ದೊಂದು ಗೊತ್ತು ಎಂದು ಹಿಂದಿನ ರಾತ್ರಿಯಷ್ಟೇ ಫೋನಿನಲ್ಲಿ ವರ್ಣಿಸಿ, ‘ಅಪ್ಪಾ, ಅಲ್ಲಿ ಯಾವುದು ಕೊಡ್ತಾರೆ ಕೇಳಿ’ ಎಂದಿದ್ದ. ಅಪ್ಪ ಆಗ ನಾಲ್ಕನೆಯ ಲೋಟ ಕೈಯಲ್ಲಿ ಹಿಡಿದು ಕಕ್ಕಸಿನ ಕಡೆಗೆ ಓಡುತ್ತಿದ್ದರು. ‘ಕಡೆಯವರು’ ಎಂಬ ಪಾತ್ರ ನೆರೆಮನೆಯವನಾದ ನನಗೆ ಬಂದದ್ದು ಹೀಗೆ.

ವಿಮೆಯ ಮಾತನ್ನು ಬೇಗ ಮುಗಿಸುತ್ತೇನೆ, ಅದು ಅಲ್ಲಿಯೂ ಬೇಗ ಮುಗಿಯಿತು. ಕೇವಲ ತಪಾಸಣೆಗೆಂದು ದಾಖಲಾದರೆ ಹಣವಿಲ್ಲ ಎಂಬ ಷರತ್ತು ನಮ್ಮ ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಸಾಮಾನ್ಯ. ಕಾಯಿಲೆ ಇದೆಯೋ ಇಲ್ಲವೋ ಎಂದು ನೋಡುವ ಖರ್ಚು ರೋಗಿಯದು. ಇದ್ದರೆ ಮುಂದಿನ ಮಾತು. ಮೇಷ್ಟ್ರು ಪಿಂಚಣಿಯ ದುಡ್ಡು ಎಣಿಸಿ ‘ವಿತ್’ ಮಾಡಿಸಿದರು.

ಈ ‘ವಿತ್’ ಎಂದರೇನೆಂಬುದು ಒಳಗೆ ಹೋದ ಮೇಲೆ ತಿಳಿಯಿತು. ಪ್ರೊಪೊಫಾಲ್ ಕೊಡುವ ಅರಿವಳಿಕೆ ತಜ್ಞರು ಆ ಹೊತ್ತಿಗೆ ಬೇರೆ ಥಿಯೇಟರಿನಲ್ಲಿದ್ದರಂತೆ. ಹಾಗಾಗಿ ಒಂದೆರಡು ಮಿಲಿಗ್ರಾಂ ಮಿಡಜೋಲಾಮ್ ಕೊಟ್ಟು ಮುಗಿಸಿದರಂತೆ. ಮಿಡಜೋಲಾಮ್ ಸಾಮಾನ್ಯ ಔಷಧವಲ್ಲ. ಅದು ತೂಕಡಿಕೆ ತರುತ್ತದೆ, ಆತಂಕ ಇಳಿಸುತ್ತದೆ ಮತ್ತು ಆ ಹೊತ್ತಿನಲ್ಲಿ ನಡೆದದ್ದು ನೆನಪಿನಲ್ಲಿ ದಾಖಲಾಗದಂತೆ ಮಾಡುತ್ತದೆ. ಅದು ಮಾಡದ ಕೆಲಸ ಒಂದೇ, ನೋವನ್ನು ಕಡಿಮೆ ಮಾಡುವುದು. ಅದಕ್ಕೆ ಫೆಂಟಾನಿಲ್‌ನಂಥ ನೋವುನಿವಾರಕವನ್ನು ಬೇರೆಯಾಗಿ ಕೊಡಬೇಕು. ಅಂದರೆ ಮೇಷ್ಟ್ರಿಗೆ ನೋವಿನ ಔಷಧ ಸಿಗಲಿಲ್ಲ, ನೋವಿನ ಸಾಕ್ಷ್ಯ ನಾಶಪಡಿಸುವ ಔಷಧ ಸಿಕ್ಕಿತು. ನಮ್ಮ ಸರ್ಕಾರಿ ಕಚೇರಿಗಳಲ್ಲಿ ಕಡತ ಕಾಣೆಯಾದರೆ ಅಕ್ರಮವೂ ಕಾಣೆಯಾಗುತ್ತದಲ್ಲ, ಇದು ಅದೇ ತತ್ತ್ವದ ರಾಸಾಯನಿಕ ರೂಪ.

ಇದಕ್ಕೆ ವಿಜ್ಞಾನದ ಬೆಂಬಲವೇ ಇಲ್ಲವೆಂದು ಹೇಳಲಾಗದು. ವೈದ್ಯ ಡೊನಾಲ್ಡ್ ರೆಡೆಲ್ಮೈಯರ್ ಮತ್ತು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೊಲೊನೋಸ್ಕೋಪಿ ಮಾಡಿಸಿಕೊಳ್ಳುತ್ತಿದ್ದ 154 ರೋಗಿಗಳಿಂದ ನಿಮಿಷ ನಿಮಿಷಕ್ಕೂ ನೋವಿನ ಅಂಕ ಬರೆಸಿಕೊಂಡಿದ್ದರು. ನೋವು ಎಷ್ಟು ಹೊತ್ತು ಇತ್ತೆಂಬುದಕ್ಕಿಂತ, ಅತಿ ಹೆಚ್ಚು ನೋವಾದ ಗಳಿಗೆ ಮತ್ತು ಕೊನೆಯ ಕೆಲವು ನಿಮಿಷಗಳೇ ನೆನಪಿನಲ್ಲಿ ಉಳಿಯುತ್ತವೆ ಎಂಬುದು ಅದರ ಸಾರ. 2003ರ ಇನ್ನೊಂದು ಪ್ರಯೋಗದಲ್ಲಿ 682 ರೋಗಿಗಳ ಪೈಕಿ ಅರ್ಧದಷ್ಟು ಮಂದಿಗೆ, ಪರೀಕ್ಷೆ ಮುಗಿದ ಮೇಲೂ ಕೊಳವೆಯ ತುದಿಯನ್ನು ಗುದದ್ವಾರದ ಒಳಗೆ ಇನ್ನೂ ಸ್ವಲ್ಪ ಹೊತ್ತು ಅಲುಗಾಡಿಸದೆ ಬಿಟ್ಟರು. ಅವರೇ ಕಡಿಮೆ ನೋವನ್ನು ನೆನಪಿಸಿಕೊಂಡರು. ಹೆಚ್ಚು ಹೊತ್ತು ಕೊಳವೆ ಇಟ್ಟುಕೊಂಡವರೇ ಹೆಚ್ಚು ತೃಪ್ತರು! ಕಾನೆಮನ್‌ಗೆ 2002ರಲ್ಲಿ ಬಂದದ್ದು ಅರ್ಥಶಾಸ್ತ್ರದ ನೊಬೆಲ್. ಮನಶ್ಶಾಸ್ತ್ರದವರಿಗೆ ಅರ್ಥಶಾಸ್ತ್ರದ್ದೇಕೆ ಎಂಬ ಅನುಮಾನ ಆಸ್ಪತ್ರೆಯ ಬಿಲ್ಲು ಹಿಡಿದು ನಿಂತಿದ್ದ ನನಗಂತೂ ಬರಲಿಲ್ಲ.

ತಮಾಷೆಯೆಂದರೆ ಕರುಳಿಗೆ ಕತ್ತರಿಸಿದರೆ ನೋವಾಗುವುದಿಲ್ಲ. ಒಳಗಿನ ಗಂಟನ್ನು ತಂತಿಯ ಕುಣಿಕೆ ಹಾಕಿ ಕೊಯ್ದರೂ ರೋಗಿಗೆ ತಿಳಿಯುವುದಿಲ್ಲ. ನೋವಾಗುವುದು ಅದನ್ನು ಹಿಗ್ಗಿಸಿದಾಗ, ಕೊಳವೆ ತಿರುವಿನಲ್ಲಿ ಸುರುಳಿಯಾಗಿ ಕರುಳನ್ನು ಎಳೆದಾಗ. ಒಳಭಾಗ ಕಾಣಲೆಂದು ಕರುಳಿಗೆ ಊದುವ ಗಾಳಿಯ ಬದಲು ಸೋಡಾಕ್ಕೆ ತುಂಬುವ ಅದೇ ಇಂಗಾಲದ ಡೈಆಕ್ಸೈಡನ್ನು ಊದಿದರೆ ದೇಹ ಅದನ್ನು ಬೇಗ ಹೀರಿಕೊಂಡು ಉಸಿರಿನಲ್ಲಿ ಹೊರಹಾಕುತ್ತದೆ. ಗಾಳಿಯ ಬದಲು ನೀರು ಹರಿಸುತ್ತ ಸಾಗುವ ಕ್ರಮದಲ್ಲಿಯೂ ನೋವು ಕಡಿಮೆ. ಕೈ ಪಳಗಿದ ವೈದ್ಯರಿದ್ದರೆ ಎಚ್ಚರದಲ್ಲೇ ನಿಶ್ಚಿಂತೆಯಾಗಿ ಮಾಡಿಸಿಕೊಳ್ಳುವವರೂ ಇದ್ದಾರೆ. ಮಂಪರು ಹೆಚ್ಚಾದರೆ ಉಸಿರಾಟ ಕುಗ್ಗುವ ಅಪಾಯವೂ ಇದೆ. ಇಷ್ಟನ್ನು ಕೂರಿಸಿ ಹೇಳಲು ಐದು ನಿಮಿಷ ಸಾಕು. ಆದರೆ ಮೇಷ್ಟ್ರಿಗೆ ಸಿಕ್ಕ ವೈದ್ಯಕೀಯ ವಿವರಣೆ ‘ಸ್ವಲ್ಪ ಗ್ಯಾಸ್ ತುಂಬಿದ ಹಾಗಾಗುತ್ತೆ, ಅಷ್ಟೇ’ ಎಂಬ ಒಂದೇ ವಾಕ್ಯ.

ಬಾಗಿಲು ಮುಚ್ಚಿದ ಹತ್ತು ನಿಮಿಷಕ್ಕೆ ಒಳಗಿನಿಂದ ‘ಅಯ್ಯೋ ಅಮ್ಮಾ’ ಎಂಬ ಕೂಗು ಕೇಳಿತು. ಮೂವತ್ತು ವರ್ಷ ತರಗತಿಯನ್ನು ಅಡಗಿಸಿದ ಆ ಕಂಠವನ್ನು ಗುರುತಿಸಲು ನನಗೆ ಕಷ್ಟವಾಗಲಿಲ್ಲ. ಮತ್ತೆರಡು ಸಲ ‘ಸಾಕು, ನಿಲ್ಸಿ’ ಎಂದದ್ದೂ ಕೇಳಿತು. ‘ಆಯ್ತು ಆಯ್ತು, ಉಸಿರು ಎಳ್ಕೊಳ್ಳಿ’ ಎಂಬ ಉತ್ತರವೂ ಕೇಳಿತು.

ಮುಕ್ಕಾಲು ಗಂಟೆಯ ನಂತರ ಮೇಷ್ಟ್ರು ಮಂಚದ ಮೇಲೆ ಕುಳಿತು ನಗುತ್ತಿದ್ದರು. ಸಿಸ್ಟರ್ ಎರಡು ಹಾಳೆಗಳನ್ನು ಒಂದೇ ಕ್ಲಿಪ್ಪಿಗೆ ಸಿಕ್ಕಿಸಿ ಕೊಟ್ಟರು. ಮೊದಲನೆಯದರಲ್ಲಿ, ಮುಂದಿನ 24 ಗಂಟೆ ವಾಹನ ಓಡಿಸಬಾರದು, ಮುಖ್ಯ ನಿರ್ಧಾರ ಕೈಗೊಳ್ಳಬಾರದು, ಯಾವುದೇ ಮಹತ್ವದ ಕಾಗದಕ್ಕೆ ಸಹಿ ಹಾಕಬಾರದು ಎಂದಿತ್ತು. ಎರಡನೆಯದು ರೋಗಿಗಳ ಅಭಿಪ್ರಾಯದ ಫಾರಂ. ‘ನೋವಿನ ನಿರ್ವಹಣೆ ಹೇಗಿತ್ತು?’ ಎಂಬಲ್ಲಿ ಅಳುಮುಖದಿಂದ ನಗುಮುಖದವರೆಗೆ ಐದು ಚಿತ್ರಗಳಿದ್ದವು. ಮೇಷ್ಟ್ರು ನಗುಮುಖಕ್ಕೆ ಟಿಕ್ ಹಾಕಿ, ‘ಎಳ್ಳಷ್ಟೂ ನೋವಾಗಲಿಲ್ಲ’ ಎಂದು ದುಂಡಾಗಿ ಬರೆದು, ಕೆಳಗೆ ದಿನಾಂಕದ ಸಮೇತ ಸಹಿ ಮಾಡಿದರು.

ನೀವು ಕೂಗಿದ್ದನ್ನು ನಾನು ಕೇಳಿಸಿಕೊಂಡೆ ಎಂದು ದಾರಿಯಲ್ಲಿ ಹೇಳಿದೆ.

‘ನಾನೆಲ್ಲಿ ಕೂಗಿದೆ?’ ಎಂದು ಮೇಷ್ಟ್ರು ಆಟೋದಲ್ಲಿ ನನ್ನ ಕಡೆ ತಿರುಗಿ ಮರುಕದಿಂದ ಹೇಳಿದರು. ‘ಪಕ್ಕದ ರೂಮಿನವರಿರಬೇಕು ಕಣಯ್ಯ. ಪಾಪ, ವಿತೌಟ್ ಮಾಡಿಸಿಕೊಂಡಿದ್ದರೇನೋ.’