ಜಕಣಾಚಾರಿ ಅಲ್ಲ ಪುಟ್ಟಿ, ಮಲ್ಲಿತಮ್ಮ

ಭಾನುವಾರ ಸೋಮನಾಥಪುರದ ಕೇಶವ ದೇವಸ್ಥಾನಕ್ಕೆ ಹೋಗಿದ್ದೆ. ಎಷ್ಟನೇ ಸಲವೋ ನೆನಪಿಲ್ಲ. ಯಾವಾಗಲೂ ಖುಷಿಯಾಗಿ ವಾಪಸ್ ಬರುತ್ತೇನೆ. ಈ ಸಲ ಸಿಟ್ಟು ಹೊತ್ತುಕೊಂಡು ಬಂದೆ, ಇನ್ನೂ ಇಳಿದಿಲ್ಲ.

ಒಂದು ಕುಟುಂಬ ಗೈಡ್ ಜೊತೆ ಸುತ್ತು ಹಾಕುತ್ತಿತ್ತು. ಎಂಟೊಂಬತ್ತು ವರ್ಷದ ಹುಡುಗಿ ಗೋಡೆ ಹತ್ತಿರ ನಿಂತು, "ಅಂಕಲ್, ಇದನ್ನೆಲ್ಲ ಯಾರು ಮಾಡಿದ್ದು?" ಅಂತ ಕೇಳಿದಳು. ಎಂಥ ಒಳ್ಳೇ ಪ್ರಶ್ನೆ! ಗೈಡ್ "ಜಕಣಾಚಾರಿ ಪುಟ್ಟಿ" ಅಂದವರೇ ಮುಂದೆ ನಡೆದರು. ಅವಳಿಂದ ಎರಡು ಹೆಜ್ಜೆ ಆಚೆ, ವಿಗ್ರಹದ ಪೀಠದ ಮೇಲೆ, ಕೆತ್ತಿದವನ ಹೆಸರಿದೆ. ಮಲ್ಲಿತಮ್ಮ. ಏಳೂವರೆ ನೂರು ವರ್ಷದಿಂದ ಅಲ್ಲೇ ಇದೆ.

ಈ ಗುಡಿಯಲ್ಲಿ ಅವನ ಹೆಸರು ಸುಮಾರು 40 ಕಡೆ ಸಿಗುತ್ತದೆ. ಅವನೊಬ್ಬನೇ ಅಲ್ಲ. ಮಸಣಿತಮ್ಮ, ಚಾಮೆಯ, ರಾಮೆಯ, ಚೌಡೆಯ, ನಂಜೆಯ. ಬೇಲೂರಿಗೆ ಹೋದರೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಇಷ್ಟು ಜನ ಕಲ್ಲಿನ ಮೇಲೆ ಹೆಸರು ಬರೆದಿಟ್ಟು ಹೋಗಿದ್ದಾರೆ. ನಾವು ಎಲ್ಲರನ್ನೂ ಸೇರಿಸಿ ಒಂದೇ ಹೆಸರು ಹೇಳಿ ಮುಗಿಸುತ್ತೇವೆ.

"ಜಕಣಾಚಾರಿ ಅಂದ್ರೆ ಎಲ್ಲ ಶಿಲ್ಪಿಗಳೂ ಬಂದ ಹಾಗೆ ಅಲ್ವಾ, ಬಿಡಿ" ಅಂತ ಕೆಲವರು ಹೇಳುತ್ತೀರಿ. ಜಕಣಾಚಾರಿ ಕೆತ್ತಿದ ಅನ್ನುವ ಕಪ್ಪೆ ಚೆನ್ನಿಗರಾಯನ ಕಥೆ ನನಗೂ ಇಷ್ಟ. ಅಜ್ಜಿ ಹೇಳುವಾಗ ಕಲ್ಲೊಳಗಿಂದ ಕಪ್ಪೆ ಹಾರುವ ಹೊತ್ತಿಗೆ ಮೈ ಜುಮ್ ಅನ್ನುತ್ತಿತ್ತು. ಆದರೆ ತನ್ನ ಕೈಯಾರೆ ಹೆಸರು ಕೆತ್ತಿದವನನ್ನು ಅವನ ಹೆಸರಿನಿಂದ ಕರೆಯೋಕೆ ಏನು ಕಷ್ಟ?

ಆ ಕೆಲಸ ನೋಡಿ. ಬಳಪದ ಕಲ್ಲು ಅಗೆದು ತೆಗೆದಾಗ ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಆ ಮೆದುವನ್ನು ಅವರು ಎಷ್ಟು ಚೆನ್ನಾಗಿ ಬಳಸಿಕೊಂಡಿದ್ದಾರೆ! ವಿಗ್ರಹದ ಕೊರಳ ಹಾರದಲ್ಲಿ ಮಣಿ ಮಣಿಯೂ ಬೇರೆ ಬೇರೆ ಎಣಿಸಬಹುದು. ಒಳಗೆ ತಲೆ ಎತ್ತಿದರೆ ಛಾವಣಿಯಿಂದ ಬಾಳೆಹೂವು ಇಳಿಬಿದ್ದಿದೆ, ಕಲ್ಲಿನದ್ದು. ಇದನ್ನು ಮಾಡಿದವನಿಗೆ ಹೆಸರು ಬೇಡವೇ?

1268ರಲ್ಲಿ ಇದನ್ನು ಕಟ್ಟಿಸಿದವನು ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ. ಅಗ್ರಹಾರ ಮಾಡಿ ತನ್ನ ಹೆಸರನ್ನೇ ಇಟ್ಟ. ಬಾಗಿಲಲ್ಲೇ ದೊಡ್ಡ ಶಾಸನ ಇದೆ. ದುಡ್ಡು ಕೊಟ್ಟವನು ಹೆಸರು ಹಾಕಿಸಿಕೊಳ್ಳಲಿ, ಅದರಲ್ಲಿ ತಪ್ಪಿಲ್ಲ. ಆದರೆ ಅವನು ಕಟ್ಟಿಸಿದ ಗುಡಿಯಲ್ಲಿ ಉಳಿ ಹಿಡಿದವನ ಹೆಸರಿಗೂ ಜಾಗ ಇತ್ತು, ಅದೂ ದೇವರ ಕಾಲ ಬುಡದಲ್ಲೇ. ಅವನು ಕೊಟ್ಟ ಹೊನ್ನಿಗಿಂತ ಇದು ದೊಡ್ಡದು ಅಂತ ನನಗನ್ನಿಸುತ್ತದೆ.

ಆ ಹುಡುಗಿಯನ್ನು ಕರೆದು ಪೀಠ ತೋರಿಸಿದೆ. ಹಳೇ ಅಕ್ಷರ, ಅವಳಿಗೆ ಓದೋಕೆ ಬರಲಿಲ್ಲ. ನಾನು ಒಂದೊಂದೇ ಹೇಳಿಕೊಟ್ಟೆ. "ಮಲ್ಲಿತಮ್ಮ" ಅಂತ ಜೋರಾಗಿ ಹೇಳಿ ಅಪ್ಪನ ಹತ್ತಿರ ಓಡಿದಳು.

ಬಸ್ಸಿನಲ್ಲಿ ಕೂತ ಮೇಲೆ ನನಗೇ ಚುಚ್ಚಿತು. ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ನಮ್ಮ ಮನೆಯವರೂ ದುಡ್ಡು ಕೊಟ್ಟಿದ್ದೆವು. ಬಾಗಿಲ ಪಕ್ಕ ಕಪ್ಪು ಕಲ್ಲಿನಲ್ಲಿ ದಾನಿಗಳ ಪಟ್ಟಿ, ಅಪ್ಪನ ಹೆಸರು ಮೂರನೇ ಸಾಲು. ಗರ್ಭಗುಡಿಯ ಬಾಗಿಲುವಾಡ ಕೆತ್ತಿದವರು ಎರಡು ಬೇಸಿಗೆ ನಮ್ಮೂರಲ್ಲೇ ಇದ್ದರು. ನಾನೇ ದಿನಾ ಕಾಫಿ ಕೊಟ್ಟು ಬರುತ್ತಿದ್ದೆ. ಅವರ ಹೆಸರು ಒಂದು ದಿನವೂ ಕೇಳಲಿಲ್ಲ. "ಆಚಾರ್ರೇ" ಅಂತ ಕರೆದರೆ ಸಾಕಾಗುತ್ತಿತ್ತು. ಗೈಡ್ ಮೇಲೆ ರೇಗಿದ ನಾನೂ ಮಾಡಿದ್ದು ಅದನ್ನೇ.

ರಾತ್ರಿನೇ ಚಿಕ್ಕಪ್ಪನಿಗೆ ಫೋನ್ ಮಾಡಿ ಆ ಆಚಾರ್ರ ಹೆಸರೇನು ಅಂತ ಕೇಳಿದೆ. "ಈಗ ಯಾಕೋ ಅದು?" ಅಂದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ದೇವಸ್ಥಾನದ ಹಳೇ ಲೆಕ್ಕದ ಪುಸ್ತಕದಲ್ಲಿ ಕೂಲಿ ಕೊಟ್ಟಿದ್ದು ಬರೆದಿರಬೇಕು, ಹುಡುಕ್ತೀನಿ ಅಂದರು. ಆಮೇಲೆ ಅವರೇ ಮತ್ತೆ ಫೋನ್ ಮಾಡಿ, ಪಟ್ಟಿಯ ಕೆಳಗೆ ಇನ್ನೊಂದು ಸಾಲಿಗೆ ಜಾಗ ಇದೆ ಕಣೋ ಅಂದರು.