ಲಸಿಕೆ ಹಾಕಿಸಿದರೆ ಸ್ನಾನ ಉಚಿತವಂತೆ!

ಇಂದು ಬೆಳಿಗ್ಗೆ ನನ್ನ ಪಶು ಕ್ಲಿನಿಕ್ಕಿನ ಷಟರ್ ಎತ್ತುವ ಹೊತ್ತಿಗೆ ಎದುರಿನ ವಿದ್ಯುತ್ ಕಂಬಕ್ಕೆ ಇನ್ನೊಂದು ಕ್ಲಿನಿಕ್ಕಿನ ಹೊಸ ಬ್ಯಾನರೊಂದು ಬಿಗಿದಿತ್ತು. ‘ಲಸಿಕೆಯ ಮೇಲೆ ಶೇ. 50 ರಿಯಾಯಿತಿ, ಜೊತೆಗೆ ಸ್ನಾನ ಉಚಿತ, ಈ ತಿಂಗಳು ಮಾತ್ರ.’ ಲಸಿಕೆ ಹಾಕಿಸಿದ ಮೇಲೆ ಕೆಲವು ದಿನ ಮರಿಗೆ ಸ್ನಾನ ಬೇಡವೆಂದು ಚೀಟಿಯ ಮೇಲೆ ಬರೆದುಕೊಡುವವರು ಪಶುವೈದ್ಯರಾದ ನಾವೇ, ಸೂಜಿ ಚುಚ್ಚಿದ ಕೈಯಲ್ಲೇ ಬಕೆಟ್ ಹಿಡಿಯುವವರೂ ಈಗ ನಾವೇ. ಹನ್ನೊಂದು ಗಂಟೆಗೆ, ಇದೇ ಬಗೆಯ ಪ್ರಚಾರ ಮಾಡಿಕೊಡುತ್ತೇನೆಂದು ಟೈ ಕಟ್ಟಿಕೊಂಡ ಹುಡುಗನೊಬ್ಬ ಬಂದು ನನ್ನೆದುರು ಲ್ಯಾಪ್‌ಟಾಪ್ ತೆರೆದ. “ಮಾರ್ಕೆಟ್ ಡಲ್ ಇದೆ ಸರ್, ಡಿಸ್ಕೌಂಟ್ ಕೊಡದಿದ್ರೆ ಜನ ಬರಲ್ಲ” ಎಂದ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಐದು ವರ್ಷ ಓದಿದ್ದು ಈ ಮಾತು ಕೇಳುವುದಕ್ಕೇ ಇರಬೇಕು.

ಮಾರ್ಕೆಟ್ ಡಲ್ ಇರುವುದು ನನಗೆ ಗೊತ್ತಿಲ್ಲವೆಂದಲ್ಲ. 2020ರ ಲಾಕ್‌ಡೌನಿನಲ್ಲಿ ಮನೆಯಲ್ಲೇ ಕೂತು ಬೇಸರವಾಗಿ ಗೋಲ್ಡನ್ ರಿಟ್ರೀವರ್, ಹಸ್ಕಿ ಎಂದು ಮರಿ ತಂದವರಲ್ಲಿ ಅನೇಕರು ಐಟಿಯವರು. ಈಗ ಅವರಲ್ಲಿ ಕೆಲವರಿಗೆ ಕೆಲಸವಿಲ್ಲ, ಕೆಲಸವಿದ್ದವರಿಗೆ ನೆಮ್ಮದಿಯಿಲ್ಲ. ನಾಯಿಗೆ ಮಾತ್ರ ಹಸಿವೂ ರಕ್ತ ಹೀರುವ ಉಣ್ಣಿಯೂ ಮೊದಲಿನಷ್ಟೇ ಇವೆ. ಆದರೆ ಕೈ ಬಿಗಿಯಾದವರು ಅಗ್ಗದ ಡಾಕ್ಟರನ್ನು ಹುಡುಕಿಕೊಂಡು ಹೋಗುತ್ತಾರೆ ಎಂಬ ಲೆಕ್ಕವೇ ತಪ್ಪು. ಅವರು ಯಾರ ಬಳಿಗೂ ಹೋಗುವುದಿಲ್ಲ. ಬಿಲ್ ಎಷ್ಟಾಗುವುದೋ ಎಂಬ ಭಯ ಒಂದು ಕಡೆ, ಅಷ್ಟು ಆಗದು ಎಂದು ಡಾಕ್ಟರ ಮುಂದೆ ಬಾಯಿಬಿಟ್ಟು ಹೇಳಬೇಕಲ್ಲ ಎಂಬ ನಾಚಿಕೆ ಇನ್ನೊಂದು ಕಡೆ.

ಹೋದ ತಿಂಗಳು ಒಬ್ಬ ಯುವಕ ಲ್ಯಾಬ್ರಡಾರ್ ಹಿಡಿದುಕೊಂಡು ನಮ್ಮ ಮೆಟ್ಟಿಲ ಬಳಿ ಬಹಳ ಹೊತ್ತು ನಿಂತಿದ್ದನಂತೆ. ಕಾಂಪೌಂಡರನ್ನು ಕರೆದು, “ಸುಮ್ನೆ ಒಂದ್ಸಲ ತೋರಿಸಿದ್ರೆ ಎಷ್ಟಾಗುತ್ತೆ?” ಎಂದು ಕೇಳಿದ. “ಡಾಕ್ಟ್ರು ನೋಡಿ ಹೇಳ್ತಾರೆ” ಎಂದು ನಮ್ಮವನು ಹೇಳಿದ. ಯುವಕ ತಲೆಯಾಡಿಸಿ ಹೊರಟುಹೋದ. ಒಂಬತ್ತು ದಿನ ಬಿಟ್ಟು ಮತ್ತೆ ಬಂದಾಗ ನಾಯಿಯ ಒಸಡು ಸುಣ್ಣದ ಗೋಡೆಯಂತೆ ಬಿಳಿಚಿತ್ತು, ಮೂಗಿನಿಂದ ರಕ್ತ ಇಳಿಯುತ್ತಿತ್ತು. ಉಣ್ಣಿಯಿಂದ ಹರಡುವ ಎರ್ಲಿಕಿಯಾ ಜ್ವರ. ಮೊದಲ ದಿನವೇ ಒಳಗೆ ಬಂದಿದ್ದರೆ ಒಂದು ರಕ್ತಪರೀಕ್ಷೆ, ನಾಲ್ಕು ವಾರದ ಡಾಕ್ಸಿಸೈಕ್ಲಿನ್ ಮಾತ್ರೆಗಳಲ್ಲಿ ಮುಗಿಯಬಹುದಾಗಿದ್ದ ಖರ್ಚು, ರಕ್ತ ಕೊಡುವ ಮಟ್ಟಕ್ಕೆ ಏರಿ ಹಲವು ಪಟ್ಟಾಯಿತು. ಅವನನ್ನು ಬಾಗಿಲಲ್ಲಿ ತಡೆದದ್ದು ನನ್ನ ದರವಲ್ಲ, ದರ ಎಷ್ಟೆಂದು ತಿಳಿಯದೆ ಹೋದದ್ದು. ಹಾಗಾಗಿ ತಪ್ಪು ಅವನದಲ್ಲ, ನನ್ನದು.

“ಹಾಗಾದರೆ ನೀವು ಬಾಡಿಗೆ ಕಟ್ಟುವುದಿಲ್ಲವೇ, ರಿಯಾಯಿತಿಯಿಂದ ಕೊನೆಗೆ ಹೊಸಬರಾದರೂ ಬರುತ್ತಾರಲ್ಲ” ಎಂದು ಗೆಳೆಯರು ಕೇಳಬಹುದು. ಬರುತ್ತಾರೆ, ಖಂಡಿತ ಬರುತ್ತಾರೆ. ಹೇಗೆ ಗೊತ್ತೆಂದರೆ, ಈ ಪಾಪವನ್ನು ನಾನೂ ಮಾಡಿದ್ದೇನೆ. 2009ರಲ್ಲಿ, ಅಮೆರಿಕದ ಆರ್ಥಿಕ ಕುಸಿತದ ಬಿಸಿ ನಮ್ಮ ಬೀದಿಗೂ ತಟ್ಟಿದ್ದಾಗ, ದಿನಪತ್ರಿಕೆಗಳ ನಡುವೆ ಹಳದಿ ಕರಪತ್ರ ಹಾಕಿಸಿ ಮರಿಗಳ ಲಸಿಕೆಗೆ ಅರ್ಧ ದರ ಎಂದು ಸಾರಿದ್ದೆ. ಎರಡು ಭಾನುವಾರ ಕುರ್ಚಿ ಸಾಲದಷ್ಟು ಜನ. ಆದರೆ ಮರಿಗೆ ಮೊದಲ ಡೋಸ್ ಆದ ಮೂರು-ನಾಲ್ಕು ವಾರಕ್ಕೆ ಬೂಸ್ಟರ್ ಬೇಕಲ್ಲವೇ? ಅಷ್ಟರಲ್ಲಿ ನನ್ನ ‘ಈ ತಿಂಗಳು ಮಾತ್ರ’ ಮುಗಿದಿತ್ತು, ಪೂರ್ತಿ ದರ ಕೊಟ್ಟು ಹಾಕಿಸಲು ಬಹುತೇಕರು ಬರಲಿಲ್ಲ. ಬಂದವುಗಳಲ್ಲಿ ಒಂದು ಪಾಮರೇನಿಯನ್, ಅದೂ ಲಸಿಕೆಗಲ್ಲ, ಪಾರ್ವೊ ಎಂಬ ವೈರಸ್ ತಗುಲಿ ರಕ್ತಭೇದಿಯಾಗಿ. ಮೂರು ದಿನ ಡ್ರಿಪ್ ಹಾಕಿದರೂ ಉಳಿಯಲಿಲ್ಲ. “ಲಸಿಕೆ ನೀವೇ ಹಾಕಿದ್ರಲ್ಲ ಡಾಕ್ಟ್ರೇ” ಎಂದು ಆ ಮನೆಯ ಅಜ್ಜಿ ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಇತ್ತ ಹಿಂದಿನ ವಾರವಷ್ಟೇ ಪೂರ್ತಿ ಹಣ ಕೊಟ್ಟಿದ್ದ ಹಳಬರೊಬ್ಬರು ಕರಪತ್ರ ಹಿಡಿದು ಬಂದು, “ನಮ್ಮತ್ರ ಜಾಸ್ತಿ ತಗೊಂಡ್ರಾ?” ಎಂದು ಮೆತ್ತಗೆ ಕೇಳಿದರು. ಆಮೇಲೆ ಅವರು ಈ ಕಡೆ ತಲೆ ಹಾಕಲಿಲ್ಲ. ಪಶುವೈದ್ಯರ ವೃತ್ತಿ ನಡವಳಿಕೆಗೆಂದು 1992ರಿಂದಲೂ ನಿಯಮಾವಳಿಯೊಂದಿದೆ, ಅದನ್ನು ಓದಿಯೂ ಕರಪತ್ರ ಹಂಚಿದ್ದೆ ಎಂಬುದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ.

ಆದ್ದರಿಂದ ಬ್ಯಾನರ್ ಕಟ್ಟುವ ಹಣದಲ್ಲಿ ಫೋನ್ ಮಾಡುತ್ತಿದ್ದೇನೆ. ಹಳೆಯ ರಿಜಿಸ್ಟರ್ ತೆಗೆದು, ರೇಬೀಸ್ ಲಸಿಕೆಯ ವರ್ಷ ಮೀರಿದವರನ್ನು ಗುರುತು ಹಾಕಿ, ಮಧ್ಯಾಹ್ನ ಕುರ್ಚಿಗಳು ಖಾಲಿಯಿರುವಾಗ ಒಬ್ಬೊಬ್ಬರಿಗೂ ನಾನೇ ಮಾತನಾಡುತ್ತೇನೆ. ದರವನ್ನು ಮೊದಲೇ ಹೇಳುತ್ತೇನೆ. ಈ ತಿಂಗಳು ಕಷ್ಟವೆಂದವರಿಗೆ ರೇಬೀಸ್ ಲಸಿಕೆಯನ್ನು ಸರ್ಕಾರಿ ಪಶು ಆಸ್ಪತ್ರೆಯಲ್ಲಾದರೂ ಹಾಕಿಸಿ, ತಪ್ಪಿಸಬೇಡಿ ಎನ್ನುತ್ತೇನೆ. ಗಿರಾಕಿಯನ್ನು ಬೇರೆ ಬಾಗಿಲಿಗೆ ಕಳಿಸುವ ಮಾರ್ಕೆಟಿಂಗ್ ಯಾವ ಲ್ಯಾಪ್‌ಟಾಪಿನಲ್ಲಿದೆಯೋ ಕಾಣೆ, ಆದರೆ ಹಾಗೆ ಹೇಳಿಸಿಕೊಂಡ ಒಬ್ಬರು ನಿನ್ನೆ ತಮ್ಮ ಭಾವನ ಬೆಕ್ಕನ್ನು ಕಳಿಸಿಕೊಟ್ಟಿದ್ದಾರೆ.

ಮೆಟ್ಟಿಲ ಬಳಿ ಈ ವಾರ ಬೋರ್ಡೊಂದು ಬರಲಿದೆ. ತಪಾಸಣೆಗೆ ಇಷ್ಟು, ಲಸಿಕೆಗೆ ಇಷ್ಟು, ರಕ್ತಪರೀಕ್ಷೆಗೆ ಇಷ್ಟು, ದೊಡ್ಡ ಖರ್ಚಿಗೆ ಕಂತು ಉಂಟು ಎಂದು ಬರೆಸುತ್ತಿದ್ದೇನೆ. ಸಂಜೆ ಬೋರ್ಡ್ ಬರೆಯುವವನು ಅಳತೆ ತೆಗೆದುಕೊಂಡು, ನಾನು ಕೊಟ್ಟ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಕೇಳಿದ: “ಕೆಳಗಡೆ ಜಾಗ ಉಳಿಯುತ್ತೆ ಸರ್, ಡಿಸ್ಕೌಂಟ್ ಅಂತ ಏನಾದ್ರೂ ಹಾಕ್ಲಾ?”