ಅಜ್ಜಿ ಫೈನಲ್, ನಿಜವಾಗ್ಲೂ ಫೈನಲ್

ಮೊನ್ನೆ ರಾತ್ರಿ ಹನ್ನೊಂದೂವರೆಗೆ ಮಾವನ ವಾಯ್ಸ್ ಮೆಸೇಜ್ ಬಂತು. ನಾಲ್ಕು ನಿಮಿಷ ಹದಿನೆಂಟು ಸೆಕೆಂಡು. ಅದರಲ್ಲಿ ಮೊದಲ ಒಂದು ನಿಮಿಷ, "ಹಲೋ... ಹಲೋ... ಕೇಳಿಸ್ತಾ ಇದೆಯೇನೇ?" ವಾಯ್ಸ್ ಮೆಸೇಜಿಗೆ ಈ ಕಡೆಯಿಂದ ಯಾರೂ ಹೂಂಗುಟ್ಟುವುದಿಲ್ಲ ಅಂತ ಮೂರು ವರ್ಷದಿಂದ ಹೇಳುತ್ತಿದ್ದೇನೆ. ಎರಡನೇ ನಿಮಿಷ ಪೂರ್ತಿ ಕೆಮ್ಮು. ಉಳಿದದ್ದರ ಸಾರ ಇಷ್ಟು: "ಕ್ಯಾಸೆಟ್ಟಲ್ಲಿ ನಾನು ಕೆಮ್ಮಿದ್ದು ಬರುತ್ತಲ್ಲ, ಅದನ್ನ ತೆಗೆದುಬಿಡು ಪುಟ್ಟೀ. ಅದಕ್ಕೇ ಒಂದು ಸಾಫ್ಟ್‌ವೇರ್ ಇದೆಯಂತೆ."

ಈ "ಇದೆಯಂತೆ" ಮಾವ ರಿಟೈರ್ ಆದ ಮೇಲೆ ಅಂಟಿಕೊಂಡ ಚಟ. ಮಾಸಿದ ಮದುವೆ ಫೋಟೊಗೆ ಬಣ್ಣ ಹಚ್ಚುವುದಕ್ಕೆ ಒಂದು ಇದೆಯಂತೆ. ಪಹಣಿಯ ಅಕ್ಷರ ಓದಿ ಹೇಳುವುದಕ್ಕೆ ಒಂದು ಇದೆಯಂತೆ. ಯಾರಾದರೂ ಸುಳ್ಳು ಹೇಳಿದರೆ ಫೋನಲ್ಲೇ ಗೊತ್ತಾಗುತ್ತಂತೆ (ಇದು ಅತ್ತೆಗೆ ಗೊತ್ತಾಗಬಾರದಂತೆ). ಲೋಕದಲ್ಲಿ ಎಲ್ಲದಕ್ಕೂ ಸಾಫ್ಟ್‌ವೇರ್ ಇದೆ. ಅದನ್ನು ಹುಡುಕಿ, ಇಳಿಸಿ, ಓಡಿಸುವುದಕ್ಕೆ ಮಾತ್ರ ನಾನೊಬ್ಬಳೇ ಇರುವುದು.

ಕ್ಯಾಸೆಟ್ಟಿನ ವಿಷಯ ಹೇಳುತ್ತೇನೆ. 1988ರಲ್ಲಿ ಹಾಸನದ ಮನೆಯಲ್ಲಿ ಅಜ್ಜಿ ಹೇಳಿದ ಸಂಪ್ರದಾಯದ ಹಾಡುಗಳನ್ನು ಮಾವ ಸಿ-90 ಕ್ಯಾಸೆಟ್ಟಿಗೆ ತುಂಬಿಸಿಟ್ಟಿದ್ದರು. ಆರತಿ ಹಾಡು, ಎಣ್ಣೆ ಶಾಸ್ತ್ರದ್ದು, ಬೀಗರನ್ನು ಹಂಗಿಸುವ ಹಾಡು. ಅದು ಬಸ್ಸಿನ ಪಾರ್ಸೆಲ್‌ನಲ್ಲಿ ಬೆಂಗಳೂರಿಗೆ ಬಂತು. ಅಟ್ಟದ ಮೇಲಿನ ಟೂ-ಇನ್-ಒನ್‌ನಲ್ಲಿ ಬೆಲ್ಟು ಬೆಲ್ಲದ ಪಾಕವಾಗಿತ್ತು. ಹೊಸದು ಹಾಕಿಸಿ, ಎಸ್.ಪಿ. ರೋಡಿಂದ ಕೇಬಲ್ ತಂದರೆ ಲ್ಯಾಪ್‌ಟಾಪಿಗೆ ಆ ಪಿನ್ ಹೋಗುವ ತೂತೇ ಇಲ್ಲ. ಮತ್ತೆ ಎಸ್.ಪಿ. ರೋಡು.

ಇಷ್ಟೆಲ್ಲ ಆದಮೇಲೆ, ದನಿ ತುಂಬಿಸಿಕೊಂಡು ತಿದ್ದುವ ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಸಿಕ್ಕಿತು. ಸಿಕ್ಕಿತು ಅಂದರೆ ನನಗೆ ಈಗ. ಅದು 1999ರಲ್ಲೇ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರುವಾದದ್ದು, ಪುಕ್ಕಟೆ ಬೇರೆ. ಸೆಕೆಂಡಿಗೆ 44,100 ಸಲ ದನಿಯ ಅಳತೆ ತೆಗೆದು ಗೆರೆ ಎಳೆಯುತ್ತದೆ. ಆದರೆ ಕ್ಯಾಸೆಟ್ ತನ್ನ ಪಾಡಿಗೆ ತಾನು ಓಡಬೇಕು. ತೊಂಬತ್ತು ನಿಮಿಷದ್ದಕ್ಕೆ ತೊಂಬತ್ತು ನಿಮಿಷವೇ. ವೇವ್ ಫೈಲು 950 ಎಂಬಿ ಆಯಿತು ಅಂದಾಗ ಮಾವ, "ಅಮ್ಮ ಅಷ್ಟು ತೂಕ ಇರಲಿಲ್ಲವಲ್ಲೇ" ಅಂದರು.

ಮೊದಲ ಸಲ ಅವರಿಗೆ ಕಳಿಸಿದ್ದು ತೆರೆಯಲೇ ಇಲ್ಲ. ಸೇವ್ ಮಾಡಿದರೆ ಅದು ಬರೀ ಪ್ರಾಜೆಕ್ಟ್ ಫೈಲಂತೆ, ಹಾಡಾಗಬೇಕಾದರೆ ಎಕ್ಸ್‌ಪೋರ್ಟ್ ಮಾಡಬೇಕಂತೆ. ಅಷ್ಟೂ ಓದಿ ತಿಳಿದುಕೊಂಡು ಎಂಪಿ3 ಮಾಡಿ ಕಳಿಸಿದರೆ ಬಂದ ಬಹುಮಾನವೇ ಆ ಹನ್ನೊಂದೂವರೆಯ ಕೆಮ್ಮಿನ ಅರ್ಜಿ.

ಮಾವನ ಕೆಮ್ಮು ಸಾಮಾನ್ಯದ್ದಲ್ಲ. ಹಾಡು ಶುರುವಾಗುವ ಮುಂಚೆ ಒಂದು, ಪಲ್ಲವಿ ಮುಗಿದಾಗ ಮೆಚ್ಚುಗೆಗೆ ಒಂದು, ಟೇಪು ಓಡುತ್ತಿದೆಯೋ ಇಲ್ಲವೋ ಅಂತ ಬಗ್ಗಿ ನೋಡುವಾಗ ಮೈಕಿಗೇ ಒಂದು. ಎಣಿಸಿದೆ, ಮೂವತ್ತೇಳು. ಈಗ ಕೇಳಬೇಕಾಗಿಯೇ ಇಲ್ಲ, ಪರದೆ ನೋಡಿದರೆ ಸಾಕು. ಅಜ್ಜಿ ಪೈರಿನ ಹಾಗೆ ತಗ್ಗಾಗಿ ಸಾಗುತ್ತಿರುತ್ತಾರೆ, ನಡುನಡುವೆ ತೆಂಗಿನಮರದ ಹಾಗೆ ಮಾವ. ಕತ್ತರಿಸೋಣ ಅಂದರೆ ಕೆಮ್ಮಿನ ಜೊತೆ ಅಜ್ಜಿಯ ಅರ್ಧ ಸಾಲೂ ಹೋಗುತ್ತದೆ. ಬೀಗರನ್ನು ಹಂಗಿಸುವ ಹಾಡಿನಲ್ಲಂತೂ ಬೀಗಿತ್ತಿಯ ಮೂಗನ್ನು ಅಜ್ಜಿ ಏನಕ್ಕೆ ಹೋಲಿಸಿದರು ಎನ್ನುವುದು ಆ ಕೆಮ್ಮಿನಡಿಯಲ್ಲಿ ಶಾಶ್ವತವಾಗಿ ಹೂತುಹೋಗಿದೆ.

ಸರಿ, ನಾಯ್ಸ್ ರಿಡಕ್ಷನ್ ಎನ್ನುವುದನ್ನು ಹಿಡಿದೆ. ಮೊದಲು ಬರೀ ಗದ್ದಲ ಮಾತ್ರ ಇರುವ ಒಂದಿಷ್ಟು ಸೆಕೆಂಡು ಆರಿಸಿ ತೋರಿಸಬೇಕು, ಅದು ಆ ಗುರುತು ಹಿಡಿದುಕೊಂಡು ಇಡೀ ಟೇಪಿನಿಂದ ಅಂಥದ್ದನ್ನು ತಗ್ಗಿಸುತ್ತದೆ. ಯಾರೂ ಮಾತಾಡದ ಐದು ಸೆಕೆಂಡಿದ್ದರೆ ಸಾಕಿತ್ತು. ನಮ್ಮ ಮನೆಯಲ್ಲಿ! ಕುಕ್ಕರ್ ಕೂಗು, "ಹಾಲಿನವನು ಬಂದ", ಉಯ್ಯಾಲೆಯ ಕಿರ್‌ಕಿರ್, "ಟೇಪ್ ಓಡ್ತಿದೆಯೇನೋ?", "ಕಾಫಿ ಕುಡಿದು ಹೇಳ್ತೀನಿ ತಡಿ." ಕೊನೆಗೆ ಒಂದು ಕಡೆ ಟೇಪಿನ ಗುಂಯ್ ಮಾತ್ರ ಕೇಳಿದಂತಾಯಿತು. ಅದನ್ನೇ ಆರಿಸಿ, ಆಸೆಗೆ ಬಿದ್ದು ತಗ್ಗಿಸುವ ಅಳತೆಯನ್ನು ಮೂವತ್ತು ಡೆಸಿಬಲ್‌ವರೆಗೆ ಎಳೆದೆ.

ಆ ಗುಂಯ್ ಟೇಪಿನದ್ದಲ್ಲ, ಶ್ರುತಿ ಹಿಡಿಯುತ್ತಿದ್ದ ಅಜ್ಜಿಯದ್ದು. ಸಾಫ್ಟ್‌ವೇರ್ ಶ್ರದ್ಧೆಯಿಂದ ಅಜ್ಜಿಯನ್ನು ಒರೆಸಿಹಾಕಿತ್ತು. ಅಜ್ಜಿ ಬಾವಿಯ ತಳದಿಂದ ಹಾಡುತ್ತಿದ್ದರು, ಮಾವ ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಕೆಮ್ಮುತ್ತಿದ್ದರು. ಒಂದೇ ಸಮ ಇರುವ ಸದ್ದಿನ ಮೇಲಷ್ಟೇ ಅದರ ಆಟ, ಕೆಮ್ಮಿನ ಮೇಲೆ ನಡೆಯುವುದಿಲ್ಲ ಎನ್ನುವುದನ್ನು ನಾನು ಓದಿದ್ದು ಆಮೇಲೆ.

ಒಂದೂವರೆ ಗಂಟೆ ರಾತ್ರಿಯಲ್ಲಿ, ಬಿ ಸೈಡಿನ ಕೊನೆಗೆ ಸಿಕ್ಕಿತು. ಅಜ್ಜಿ ಹೇಳುತ್ತಾರೆ: "ಪುಟ್ಟೀ, ನೀನೂ ಒಂದು ಹೇಳೇ, ಮಾವ ಹಿಡ್ಕೊಳ್ತಾನೆ." ಆಮೇಲೆ ಏನೂ ಇಲ್ಲ. ಏಳು ಸೆಕೆಂಡು. ನನಗಾಗ ಆರು ವರ್ಷ, ನಡುಮನೆಯ ಕಂಬಕ್ಕೆ ಮುಖ ಒತ್ತಿಕೊಂಡು ನಿಂತಿದ್ದೆ. ಮಾವ ಕೂಡ ಕೆಮ್ಮಲಿಲ್ಲ. "ಹೋಗ್ಲಿ ಬಿಡು, ಇನ್ನೊಂದ್ಸಲ ಹೇಳ್ತಾಳೆ" ಅನ್ನುತ್ತಾರೆ ಅಜ್ಜಿ, ಟಕ್ ಅಂತ ಗುಂಡಿ ಒತ್ತಿದ ಸದ್ದು.

ಆ ಏಳು ಸೆಕೆಂಡನ್ನೇ ತೋರಿಸಿ, ಹನ್ನೆರಡು ಡೆಸಿಬಲ್ ಇಟ್ಟು ಓಡಿಸಿದೆ. ಅಜ್ಜಿ ಪಕ್ಕದಲ್ಲೇ ಕೂತ ಹಾಗೆ ಕೇಳಿಸಿದರು.

ಬೆಳಿಗ್ಗೆ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ಫೈಲ್ ಎಲ್ಲಿಟ್ಟೆನೋ ಮರೆತಿತ್ತು. ಅದಕ್ಕೂ ಒಂದು ಇದೆಯಂತೆ! ಎವ್ರಿಥಿಂಗ್ ಅಂತ, ಹೆಸರಿನ ಎರಡು ಅಕ್ಷರ ಒತ್ತುವಷ್ಟರಲ್ಲಿ ಕಂಪ್ಯೂಟರಿನಲ್ಲಿರುವ ಫೈಲನ್ನೆಲ್ಲ ತಂದು ಮುಂದಿಡುತ್ತದೆ. ಅಜ್ಜಿ ಅಂತ ಒತ್ತಿದೆ. ಅಜ್ಜಿ ಫೈನಲ್, ಅಜ್ಜಿ ಫೈನಲ್ 2, ಅಜ್ಜಿ ನಿಜವಾಗ್ಲೂ ಫೈನಲ್, ಅಜ್ಜಿ ಫೈನಲ್ ಹೊಸದು. ಕ್ಯಾಬಿನವನು ಕೆಳಗೆ ಹಾರನ್ ಹೊಡೆಯುತ್ತಿದ್ದ. ಒಂದನ್ನು ಕಳಿಸಿ ಓಡಿದೆ.

ಸಿಲ್ಕ್ ಬೋರ್ಡ್ ತಲುಪುವಷ್ಟರಲ್ಲಿ ಉತ್ತರ ಬಂತು. "ಹಲೋ... ಹಲೋ... ಕೇಳಿಸ್ತಾ ಇದೆಯೇನೇ? ಅಮ್ಮನ ದನಿ ಯಾಕೋ ಬಾವಿಯಿಂದ ಬಂದ ಹಾಗಿದೆ. ಇರಲಿ ಬಿಡು. ನನ್ನ ವಾಯ್ಸ್ ಮಾತ್ರ ಎಷ್ಟು ಕ್ಲಿಯರ್ ಬಂದಿದೆ ನೋಡೇ! ಮೂವತ್ತು ವರ್ಷದ ಹಿಂದೆ ಎಂಥಾ ಗಂಟಲು! ಫ್ಯಾಮಿಲಿ ಗ್ರೂಪಿಗೆ ಹಾಕಿದ್ದೀನಿ."

ಹಾಕಿದ್ದರು. ಕೆಳಗೆ ಹನ್ನೊಂದು ಜನ ಆಗಲೇ ಕೈ ಮುಗಿದಿದ್ದರು.